ಆ ಮನೆಯವರು ಏನು ಪಾಪ ಮಾಡಿದ್ದರು?

ಮಳೆಗೆ ಗುಡ್ಡ ಜರಿದು ಪಕ್ಕದ ಮನೆಯ ತಾಯಿ, ಮಗು ಹೋದರು, ಇದು ಅವರ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಯೇಸುವೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಲೂಕನ ಸುವಾರ್ತೆಯ 13ನೇ ಅಧ್ಯಾಯ ನೋಡಿ. ಸಿಲೊವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು, ಅವರೇನೂ ಜೆರುಸಲೇಮಿನ ಉಳಿದವರಿಗಿಂತ ಜಾಸ್ತಿ ಪಾಪಿಗಳಲ್ಲ ಅಂತ ನೇರವಾಗಿ ಹೇಳುತ್ತಾರೆ. ಪಶ್ಚಾತ್ತಾಪಪಡಿ ಅಂತ ಅವರು ಹೇಳಿದ್ದು ಸತ್ತವರ ಬಗ್ಗೆ ಅಲ್ಲ, ಕೇಳುತ್ತಾ ನಿಂತಿದ್ದ ಜನರಿಗೆ.

2010ರಲ್ಲಿ ನಮ್ಮ ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಬಿದ್ದಾಗ 158 ಜನ ತೀರಿಕೊಂಡರು, 8 ಜನ ಉಳಿದರು. ಉಳಿದವರನ್ನು ದೇವರು ಕಾಪಾಡಿದ ಅನ್ನುವುದು ಸುಲಭ, ಆದರೆ ಹೋದವರ ಮನೆಯಲ್ಲಿ ಕೂತು ಆ ಮಾತು ಹೇಳಲು ಬಾಯಿ ಬರುತ್ತದಾ?

ದೇವರು ಯಾಕೆ ಹೀಗೆ ಆಗಲು ಬಿಟ್ಟ ಅನ್ನುವುದಕ್ಕೆ, ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನಿಗೂ ಉತ್ತರ ಸಿಗಲಿಲ್ಲ. ಆದರೆ ತೀರಿಕೊಂಡಿದ್ದ ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸು ಅತ್ತರು, ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು. ನನ್ನನ್ನು ಯಾಕೆ ಕೈಬಿಟ್ಟೆ ಅಂತ ಶಿಲುಬೆಯ ಮೇಲೆ ಕೂಗಿದ್ದೂ ಅವರೇ ಅಲ್ವಾ. ಅಂಥ ದೇವರನ್ನೇ ನಾನು ನಂಬುವುದು.

ಆ ಮನೆಯ ಯಜಮಾನರು ಒಬ್ಬರೇ ಉಳಿದಿದ್ದಾರೆ ಅಂದಿರಲ್ಲ, ಇವತ್ತು ಸಂಜೆ ಸ್ವಲ್ಪ ಗಂಜಿ ತೆಗೆದುಕೊಂಡು ಹೋಗಿ, ಏನೂ ವಿವರಿಸಬೇಡಿ, ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ.