ಗೆಳೆಯನ ಜೊತೆ ಕಂಪನಿ ಶುರು ಮಾಡ್ತಿದ್ದೇವೆ. ಪಾಲುದಾರಿಕೆ ಸಾಕಾ, ಪ್ರೈವೇಟ್ ಲಿಮಿಟೆಡ್ ಬೇಕಾ?

ಶೇರು ಅರ್ಧ-ಅರ್ಧ ಅಂತ ಮಾತಾಗಿದೆ, ಇನ್ನು ನೋಂದಣಿ ಯಾವ ಥರ ಅನ್ನೋದಷ್ಟೇ ಬಾಕಿ ಎಂದು ಬರೆದಿದ್ದೀರಿ. ನಾವೂ ಹೀಗೇ ಶುರು ಮಾಡಿದ್ದು.

ನಾನೂ ನನ್ನ ಗೆಳೆಯನೂ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಕೋಡ್ ಅವನದು, ಗಿರಾಕಿಗಳನ್ನು ಹಿಡಿಯುವುದು ಮತ್ತು ಲೆಕ್ಕಪತ್ರ ನನ್ನದು. ಪ್ರೈವೇಟ್ ಲಿಮಿಟೆಡ್ ಮಾಡಿಸಿದೆವು. ಒಟ್ಟು 10,000 ಶೇರು, ತಲಾ 5,000. ನೋಂದಣಿಯಲ್ಲಿ ತೊಂದರೆ ಏನೂ ಆಗಲಿಲ್ಲ.

ವರ್ಷ ತುಂಬುವ ಮೊದಲೇ ಅವನಿಗೆ ಒಳ್ಳೆ ನೌಕರಿ ಸಿಕ್ಕಿತು, ಹೊರಟ. ಜಗಳ ಇಲ್ಲ, ಮನಸ್ತಾಪ ಇಲ್ಲ. ಆದರೆ ಅವನ 5,000 ಶೇರು ಅವನ ಹತ್ತಿರವೇ ಉಳಿಯಿತು. ಬಿಟ್ಟು ಹೋದವರು ಶೇರು ವಾಪಸ್ ಕೊಡಬೇಕು ಅಂತ ನಾವು ಎಲ್ಲೂ ಬರೆದೇ ಇರಲಿಲ್ಲ. ನಮ್ಮನ್ನು ಮುಖ್ಯವಾಗಿ ಮುಳುಗಿಸಿದ್ದು ಇದೇ, ಹಾಗಾಗಿ ಬಿಡಿಸಿ ಹೇಳ್ತೀನಿ.

ಶೇರು ಹೆಸರಿಗೆ ಬಂದರೂ, ದುಡಿದ ಹಾಗೆಲ್ಲ ಅದು ನಿಮ್ಮದಾಗುತ್ತಾ ಹೋಗುವಂತೆ ಕರಾರು ಮಾಡಿಕೊಳ್ಳಬಹುದು. ಇದಕ್ಕೆ ವೆಸ್ಟಿಂಗ್ ಅಂತಾರೆ. ಸ್ಟಾರ್ಟಪ್‌ಗಳಲ್ಲಿ ಸಾಮಾನ್ಯವಾಗಿ 4 ವರ್ಷ, ಅದರಲ್ಲಿ ಮೊದಲ 1 ವರ್ಷ ಕ್ಲಿಫ್. ವರ್ಷದೊಳಗೆ ಬಿಟ್ಟರೆ ಒಂದು ಶೇರೂ ಸಿಗಲ್ಲ. ವರ್ಷ ತುಂಬಿದ ದಿನ ಕಾಲು ಭಾಗ, ಅಂದರೆ 5,000ದಲ್ಲಿ 1,250. ಅಲ್ಲಿಂದ ಮುಂದೆ ತಿಂಗಳಿಗೆ ಸುಮಾರು 104. ಮಧ್ಯೆ ಹೋದರೆ ಬಾಕಿ ಶೇರು ಯಾರಿಗೆ, ಯಾವ ಬೆಲೆಗೆ ವಾಪಸ್ ಅನ್ನೋದನ್ನೂ ಅದರಲ್ಲೇ ಬರೆಯುತ್ತಾರೆ. ಈ ಕರಾರು ಇದ್ದಿದ್ದರೆ ಅವನ ಅಷ್ಟೂ ಶೇರು ಮರಳಿ ಬರುತ್ತಿತ್ತು. ಅವನಿಗೂ ಬೇಜಾರಿರುತ್ತಿರಲಿಲ್ಲ, ಮೊದಲೇ ಒಪ್ಪಿದ್ದು ಅಲ್ವಾ?

ಕರಾರು ಇಲ್ಲದ್ದರಿಂದ ಆದದ್ದು ಇದು: ಕಂಪನಿಯಲ್ಲಿ ಶೇರುದಾರರ ಮಾಮೂಲಿ ನಿರ್ಣಯ ಪಾಸಾಗಲೂ ಅರ್ಧಕ್ಕಿಂತ ಜಾಸ್ತಿ ಮತ ಬೇಕು. ನನ್ನ ಹತ್ತಿರ ಇದ್ದದ್ದು ಸರಿಯಾಗಿ ಅರ್ಧ. ಪ್ರತಿಯೊಂದಕ್ಕೂ ಅವನನ್ನು ಕಾಯಬೇಕಾಯಿತು. ಆ ಹೊತ್ತಿಗೆ ಹೂಡಿಕೆದಾರರೊಬ್ಬರು ಆಸಕ್ತಿ ತೋರಿಸಿದರು. ಶೇರುದಾರರ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಬೆರಳಿಟ್ಟು, "ಇವರು ಈಗ ಏನು ಕೆಲಸ ಮಾಡ್ತಿದ್ದಾರೆ?" ಅಂದರು. ಆಮೇಲೆ, "ಕೋಡ್ ಯಾರದು?" ಕಂಪನಿ ಹುಟ್ಟುವ ಮೊದಲೇ ಅವನು ಬರೆದದ್ದು ಅದು. ಬರಹದಲ್ಲಿ ಕಂಪನಿಗೆ ವರ್ಗಾಯಿಸದ ಹೊರತು ಅದರ ಹಕ್ಕು ಬರೆದವನದೇ. ಮಾತುಕತೆ ಅಲ್ಲಿಗೇ ನಿಂತಿತು. ಕೊನೆಗೆ ನನ್ನ ಉಳಿತಾಯವೆಲ್ಲ ಸುರಿದು ಅವನ ಪಾಲು ಮತ್ತು ಕೋಡಿನ ಹಕ್ಕು ಎರಡನ್ನೂ ಕೊಂಡುಕೊಂಡೆ.

ನಿಮ್ಮ ಪ್ರಶ್ನೆಗೆ ಉತ್ತರ: ಪ್ರೈವೇಟ್ ಲಿಮಿಟೆಡ್ ಮಾಡಿ. ಮಾಮೂಲಿ ಪಾಲುದಾರಿಕೆಯಲ್ಲಿ ವ್ಯವಹಾರಕ್ಕೆಂದು ಗೆಳೆಯ ಮಾಡಿದ ಸಾಲಕ್ಕೂ ನಿಮ್ಮ ಸ್ವಂತ ಆಸ್ತಿ ಹೊಣೆ. ಆದರೆ ತೀರ್ಮಾನ ಆಗಿದೆ ಅಂತ ನೀವು ಬದಿಗಿಟ್ಟಿರುವ ಅರ್ಧ-ಅರ್ಧವೇ ನನಗೆ ಅಪಾಯ ಅನಿಸೋದು. ಒಬ್ಬರಿಗೆ ಶೇಕಡಾ 51 ಶೇರು ಇರಲಿ, ಅದು ನಿಮ್ಮ ಗೆಳೆಯನಿಗಾದರೂ ಸರಿ. ವೆಸ್ಟಿಂಗ್ ಇಬ್ಬರಿಗೂ ಇರಲಿ. ಈವರೆಗೆ ಮಾಡಿರುವ ಕೆಲಸ, ಡೊಮೈನ್ ಹೆಸರು, ಲೋಗೊ ಎಲ್ಲವನ್ನೂ ಕಂಪನಿಯ ಹೆಸರಿಗೆ ಬರೆದುಕೊಡಿ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಸುಮ್ನೆ ಒಂದು ನಮೂನೆ ಸಾಲದು, ವಕೀಲರ ಹತ್ತಿರ ಬರೆಸಿ.

ನೋಂದಣಿಗೆ ಅರ್ಜಿ ಹಾಕುವ ಮೊದಲೇ ಈ ಕರಾರಿನ ಕರಡನ್ನು ಗೆಳೆಯನ ಮುಂದಿಡಿ. ಅವರು ಒಪ್ಪಲಿಲ್ಲ ಅಂದರೆ ನೋಂದಣಿಯನ್ನು ಮುಂದಕ್ಕೆ ಹಾಕಿ.