ನಾವೇ ಕಟ್ಟುತ್ತಿರುವ ಆಟೋಕ್ರಾಸ್ (ಮೈದಾನದಲ್ಲಿ ನಡೆಯುವ ಕಾರ್ ರೇಸ್) ಗಾಡಿಗೆ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎಳೆಯುವುದು ಹೇಗೆ?

ಪೈಪ್ ಚಾಸಿಗೆ ಹಳೆಯ ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಎಂಪಿಎಫ್‌ಐ (ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ) ಎಂಜಿನ್ ಕೂರಿಸಿದ್ದೀರಿ, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ದೂಡುವ ಭಾಗ), ಕ್ಯಾಲಿಪರ್ (ಚಕ್ರದ ಹತ್ತಿರ ಬ್ರೇಕ್ ಹಿಡಿಯುವ ಭಾಗ) ಎಲ್ಲ ಮಾರುತಿಯದೇ. ಎಸಿ ರಿಪೇರಿಯವರ ಹತ್ತಿರ ಸಿಗುವ ತಾಮ್ರದ ಪೈಪು ಸಲೀಸಾಗಿ ಬಗ್ಗುತ್ತದೆ, ಅದನ್ನೇ ಎರಡಕ್ಕೂ ಹಾಕಬಹುದೇ ಅಂತ ಕೇಳಿದ್ದೀರಿ.

ದಯವಿಟ್ಟು ಹಾಕಬೇಡಿ. ಬರೀ ತಾಮ್ರ ಎಂಜಿನ್ನಿನ ನಡುಕಕ್ಕೆ ದಿನೇ ದಿನೇ ಗಡುಸಾಗುತ್ತಾ ಹೋಗಿ, ಒಂದು ದಿನ ನಟ್ಟಿನ ಬುಡದಲ್ಲೇ ಸೀಳುತ್ತದೆ. ಪೆಟ್ರೋಲ್ ಕಡೆ ಹಾಕಿದರೆ, ನಿಂತ ಪೆಟ್ರೋಲು ಬೇಗ ಅಂಟಾಗುವುದಕ್ಕೆ ತಾಮ್ರವೇ ಕಾರಣವಾಗುತ್ತದೆ. ಬ್ರೇಕಿಗೆ 3/16 ಇಂಚಿನ (4.75 ಮಿ.ಮೀ.) ಎರಡು ಪದರದ ಸ್ಟೀಲ್ ಪೈಪು ತನ್ನಿ. ಸ್ವಲ್ಪ ದುಡ್ಡು ಹೆಚ್ಚು ಕೊಡಲು ಆಗುವುದಾದರೆ ಕುನಿಫರ್ ತನ್ನಿ. ಅದರಲ್ಲಿ ತಾಮ್ರದ ಜೊತೆ ಶೇಕಡಾ 10ರಷ್ಟು ನಿಕಲ್ ಇರುತ್ತದೆ. ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ.

ಆದರೆ ಪೈಪಿಗಿಂತ ದೊಡ್ಡ ವಿಷಯ ಅದರ ತುದಿ. ನನ್ನ ಮೊದಲ ಗಾಡಿಗೆ ಪೈಪುಗಳ ತುದಿ ಮಾಡಿಸಿದ್ದು ಒಂದು ವರ್ಕ್‌ಶಾಪಿನಲ್ಲಿ. ಅವರು ಯುರೋಪಿನ ಕಾರುಗಳಿಗೆ ಮಾಡುವ ಬಬಲ್ ಫ್ಲೇರ್ (ಗುಳ್ಳೆಯಂತೆ ಉಬ್ಬಿಸಿದ ತುದಿ) ಮಾಡಿಕೊಟ್ಟಿದ್ದರು. ಮಾರುತಿಯ ಸಾಮಾನು ಜಪಾನಿ ಪದ್ಧತಿಯದು, ಅದಕ್ಕೆ ಬೇಕಾದದ್ದು ಡಬಲ್ ಫ್ಲೇರ್ (ಅಂಚನ್ನು ಒಳಕ್ಕೆ ಮಡಿಸಿ ಆಲಿಕೆಯಂತೆ ಅರಳಿಸಿದ ತುದಿ). ಎರಡಕ್ಕೂ ನಟ್ಟು ಎಂ10 (10 ಮಿ.ಮೀ. ದಪ್ಪದ ಥ್ರೆಡ್), ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ ಅಂದರೆ ಪಿಚ್ಚು 1 ಮಿ.ಮೀ.ನದೇ ಆದ್ದರಿಂದ ಬೆರಳಲ್ಲೇ ನುಣ್ಣಗೆ ಕೂತುಬಿಟ್ಟಿತು, ನನಗೆ ಅನುಮಾನವೇ ಬರಲಿಲ್ಲ. ಒಳಗೆ ಏನಾಗಿತ್ತೆಂದರೆ, ಮಾಸ್ಟರ್ ಸಿಲಿಂಡರಿನ ತೂತಿನ ತಳದಲ್ಲಿ ಒಂದು ಉಬ್ಬು ಶಂಕು ಇರುತ್ತದೆ. ಆಲಿಕೆಯಂತೆ ಅರಳಿದ ತುದಿ ಅದರ ಮೇಲೆ ಟೋಪಿಯ ಹಾಗೆ ಕೂರಬೇಕು. ನಾನು ಉಬ್ಬಿನ ಮೇಲೆ ಉಬ್ಬನ್ನೇ ಒತ್ತಿದ್ದೆ. ಶೆಡ್ಡಿನಲ್ಲಿ ಪೆಡಲ್ ಕಲ್ಲಿನ ಹಾಗೆ ನಿಂತಿತು. ಮೈದಾನದ ಮೂರನೇ ಸುತ್ತಿನಲ್ಲಿ ಕಾಲಿನ ಕೆಳಗೆ ಜಾರಿ ಅರ್ಧಕ್ಕೆ ಇಳಿಯಿತು. ಮುಂದೆ ಹಿಂದೆ ಬೇರೆ ಬೇರೆ ಸರ್ಕ್ಯೂಟ್ (ಬ್ರೇಕ್ ಆಯಿಲಿನ ದಾರಿ) ಇದ್ದದ್ದರಿಂದ ಹಿಂದಿನ ಚಕ್ರಗಳಾದರೂ ಹಿಡಿದವು. ನೀವೂ ಹಾಗೇ ಎರಡು ಸರ್ಕ್ಯೂಟ್ ಇಟ್ಟುಕೊಳ್ಳಿ. ಇದರಲ್ಲಿ ರಾಜಿ ಬೇಡ.

ಅಂದಿನಿಂದ ಫ್ಲೇರ್ ನಾನೇ ಮಾಡುತ್ತೇನೆ. ಹ್ಯಾಕ್ಸಾ ಬ್ಲೇಡು ಮುಟ್ಟದೆ ಟ್ಯೂಬ್ ಕಟರ್‌ನಲ್ಲಿ ಕತ್ತರಿಸಿ, ಒಳ ಹೊರ ಅಂಚಿನ ಮುಳ್ಳು ತೆಗೆದು, ಪುಡಿ ಹೋಗುವ ಹಾಗೆ ಗಾಳಿ ಊದುತ್ತೇನೆ. ನಟ್ಟನ್ನು ಮೊದಲೇ ತೂರಿಸಬೇಕು, ಫ್ಲೇರ್ ಆದ ಮೇಲೆ ಅದು ಒಳಗೆ ಹೋಗುವುದಿಲ್ಲ. ಡೈಯ (ತುದಿಗೆ ಆಕಾರ ಕೊಡುವ ಅಚ್ಚಿನ) ಅಂಚು ಎಷ್ಟು ದಪ್ಪವೋ ಅಷ್ಟೇ ಪೈಪು ಹೊರಗೆ ಬಿಟ್ಟು, ಒಂದು ಹನಿ ಬ್ರೇಕ್ ಆಯಿಲ್ ಹಚ್ಚಿ ಮೊದಲು ಡೈಯಿಂದ, ಆಮೇಲೆ ಅದನ್ನು ತೆಗೆದು ಶಂಕುವಿನಿಂದ ಒತ್ತಿ. ಮುಗಿದ ಮೇಲೆ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ, ಅರಳಿದ್ದು ಒಂದು ಪಕ್ಕಕ್ಕೆ ವಾಲಿದ್ದರೂ ಕತ್ತರಿಸಿ ಬಿಸಾಕಿ. ಮೊದಲ ಹತ್ತು ತುಂಡು ಅಭ್ಯಾಸಕ್ಕೇ ಅಂತ ಇಟ್ಟುಕೊಳ್ಳಿ. ಇಲ್ಲಿ ಟೆಫ್ಲಾನ್ ಟೇಪ್ ಸುತ್ತಲೇಬಾರದು. ಆಯಿಲ್ ತಡೆಯುವುದು ತುದಿಯ ಶಂಕು, ಥ್ರೆಡ್ ಅಲ್ಲ. ಟೇಪಿನ ಚೂರು ಒಳಗೆ ಸೇರಿದರೆ ಮಾಸ್ಟರ್ ಸಿಲಿಂಡರಿನ ಸಣ್ಣ ತೂತು ಕಟ್ಟಿಕೊಳ್ಳುತ್ತದೆ.

ದಾರಿ ಗುರುತಿಸುವುದಕ್ಕೆ ಪೈಪು ಹಾಳುಮಾಡಬೇಡಿ. ತೆಳುವಾದ ಕಬ್ಬಿಣದ ತಂತಿಯನ್ನು ಚಾಸಿಯ ಉದ್ದಕ್ಕೂ ಬಗ್ಗಿಸಿ ಅಳತೆ ಮಾಡಿಕೊಂಡು, ಅದನ್ನು ನೋಡಿ ಪೈಪು ಬಗ್ಗಿಸಿ. ಚಾಸಿಯ ಕೆಳ ಅಂಚಿನಿಂದ ಮೇಲೆ, ಕಲ್ಲು ಬಡಿಯದ ಒಳಮಗ್ಗುಲಲ್ಲಿ, ಸೈಲೆನ್ಸರ್ ಇಲ್ಲದ ಪಕ್ಕದಲ್ಲಿ ಓಡಿಸಿ. ಸುಮಾರು 30 ಸೆಂ.ಮೀ.ಗೆ ಒಂದರಂತೆ ರಬ್ಬರ್ ಹಾಕಿದ ಕ್ಲಿಪ್ ಬೇಕು. ನಡುವೆ ಎಲ್ಲೂ ಮೇಲೆದ್ದು ಇಳಿಯುವ ಗೂನು ಬೇಡ, ಗಾಳಿ ಅಲ್ಲೇ ಕೂತು ಬ್ಲೀಡ್ ಮಾಡುವಾಗ (ಪೈಪಿನೊಳಗಿನ ಗಾಳಿ ಹೊರಹಾಕುವಾಗ) ಪ್ರಾಣ ತಿನ್ನುತ್ತದೆ. ರಬ್ಬರ್ ಹೋಸ್ ಚಕ್ರದ ಹತ್ತಿರ ಮಾತ್ರ. ಹಾಕಿದ ಮೇಲೆ ಜ್ಯಾಕ್ ಎತ್ತಿ ಚಕ್ರ ಪೂರ್ತಿ ಜೋತುಬಿದ್ದಾಗ, ಸ್ಪ್ರಿಂಗ್ ಬಿಚ್ಚಿ ಪೂರ್ತಿ ಮೇಲೆ ಒತ್ತಿದಾಗ, ಸ್ಟೇರಿಂಗ್ ಎರಡೂ ಕೊನೆಗೆ ತಿರುಗಿಸಿದಾಗ ಎಲ್ಲಾದರೂ ಹೋಸ್ ಎಳೆಯುತ್ತಿದೆಯಾ, ಟೈರಿಗೆ ಉಜ್ಜುತ್ತಿದೆಯಾ ನೋಡಿ.

ಇನ್ನು ಪೆಟ್ರೋಲ್. ಎಂಪಿಎಫ್‌ಐ ಅಂದರೆ ಪೈಪಿನೊಳಗೆ ಸುಮಾರು 3 ಬಾರ್ ಒತ್ತಡ. ಕಾರ್ಬ್ಯುರೇಟರ್ ಗಾಡಿಯ ಹೋಸ್ ಇದಕ್ಕೆ ಸಾಲದು, ಮೈಮೇಲೆ 'ಎಸ್‌ಎಇ 30ಆರ್9' (SAE 30R9) ಅಂತ ಮುದ್ರೆ ಇರುವುದನ್ನೇ ಕೇಳಿ ತನ್ನಿ. ಹಳೇ ದಾಸ್ತಾನಿನ ರಬ್ಬರ್ ತಗೊಳ್ಳಬೇಡಿ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20ಕ್ಕೆ ಚಾಲನೆ ಕೊಟ್ಟರಲ್ಲ, ಆ ಶೇಕಡಾ 20ರ ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಸೀಳುತ್ತದೆ. ಉದ್ದಕ್ಕೂ 8 ಮಿ.ಮೀ. ಸ್ಟೀಲ್ ಪೈಪು, ಎರಡು ತುದಿಯಲ್ಲಿ ಮಾತ್ರ ಗೇಣುದ್ದ ಹೋಸ್ ಸಾಕು. ಹೋಸ್ ಜಾರದಂತೆ ಸ್ಟೀಲ್ ಪೈಪಿನ ತುದಿಗೆ ಒಂದು ಉಬ್ಬು ಉಂಗುರ ತೆಗೆಸಿ. ಹಲ್ಲಿನ ಕ್ಲಿಪ್ ರಬ್ಬರನ್ನು ಕಚ್ಚಿ ಕತ್ತರಿಸುತ್ತದೆ, ಒಳಮೈ ನುಣುಪಾದ ಇಂಜೆಕ್ಷನ್ ಕ್ಲಿಪ್ ಹಾಕಿ. ಪಂಪು ಟ್ಯಾಂಕಿನ ಪಕ್ಕದಲ್ಲಿ, ಅದರ ತಳಮಟ್ಟದಲ್ಲಿರಲಿ. ಅದಕ್ಕೆ ದೂಡುವುದು ಚೆನ್ನಾಗಿ ಗೊತ್ತು, ಎಳೆಯುವುದು ಅಷ್ಟಕ್ಕಷ್ಟೇ. ಚಾಲಕ ಕೂರುವ ಜಾಗದಲ್ಲಿ ಪೆಟ್ರೋಲ್ ಪೈಪಿನ ಒಂದೂ ಜಾಯಿಂಟ್ ಇರಬಾರದು. ಬ್ಯಾಟರಿಯ ದಪ್ಪ ವೈರು ಇನ್ನೊಂದು ಪಕ್ಕದಲ್ಲಿ ಹೋಗಲಿ.

ಎಂಜಿನ್ ಚಾಲೂ ಮಾಡುವ ಮೊದಲು ಅಗ್ನಿಶಾಮಕ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಬರೀ ಪಂಪು ಓಡಿಸಿ, ಒಂದೊಂದು ಜಾಯಿಂಟಿಗೂ ಒಣ ಟಿಶ್ಯೂ ಸುತ್ತಿ ಮುಟ್ಟಿ ನೋಡಿ. ಬ್ರೇಕಿಗೆ, ಒಬ್ಬರು ಪೆಡಲನ್ನು ಮೈಭಾರ ಹಾಕಿ ಒಂದು ನಿಮಿಷ ಒತ್ತಿ ಹಿಡಿಯಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಎಲ್ಲ ನಟ್ಟು ನೋಡಲಿ. ಆಮೇಲೆ ಜಾಯಿಂಟುಗಳ ಕೆಳಗೆ ನ್ಯೂಸ್‌ಪೇಪರ್ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದು ಕಾಸಿನಗಲದ ಕಲೆ ಕಂಡರೂ ಆ ನಟ್ಟನ್ನು ಇನ್ನಷ್ಟು ಬಿಗಿಯಬೇಡಿ, ಬಿಚ್ಚಿ ಫ್ಲೇರ್ ನೋಡಿ.