ಫಾರಂ ಕೋಳಿ ಮನೆಗೆ ಬಂದ್ಮೇಲೆ

ಪ್ರಶ್ನೆ: ಸರ್ ನಮಸ್ತೆ, ನಮ್ದು ತಿಪಟೂರು ಹತ್ರ ತೋಟದ ಮನೆ. ಹೋದ್ವಾರ ನಮ್ಮನೆಯವ್ರು ಒಂದು ಲೇಯರ್ ಫಾರಂನಲ್ಲಿ, ಅಂದ್ರೆ ಮೊಟ್ಟೆ ಕೋಳಿ ಫಾರಂನಲ್ಲಿ, ಹಳೇ ಕೋಳಿ ಲೋಡ್ ಮಾಡೋ ದಿನ ಹೋಗಿ ಆರು ತಂದ್ರು, ಕುಯ್ಯೋಕೆ ಅಂತ್ಲೇ ತಂದಿದ್ದು, ಆದ್ರೆ ನಮ್ಮ ಮಗಳು ಅವುಗಳ ಅವಸ್ಥೆ ನೋಡಿ ಅತ್ತೂ ಕರೆದು ಸಾಕೋಣ ಅಂತ ಹಠ ಹಿಡಿದ್ಲು. ಕುತ್ತಿಗೆ, ಬೆನ್ನಲ್ಲಿ ಗರಿ ಇಲ್ಲ, ಜುಟ್ಟು ಬಿಳಿಚಿಕೊಂಡು ಒಂದು ಕಡೆ ಜೋತಿದೆ. ಅಂಗಳಕ್ಕೆ ಬಿಟ್ರೆ ಬಿಟ್ಟಲ್ಲೇ ನಿಂತಿರ್ತವೆ. ರಾಗಿ ಚೆಲ್ಲಿದ್ರೆ ಕುಕ್ಕುತ್ವೆ ಆದ್ರೆ ಬಾಯಿಗೆ ಹೋಗಲ್ಲ, ಬೇಸಿನ್ನಲ್ಲಿ ನೀರಿಟ್ರೆ ತಿರುಗೂ ನೋಡಲ್ಲ. ನಿನ್ನೆ ಒಂದು ಸತ್ತೇ ಹೋಯ್ತು. ಉಳಿದ ಐದಕ್ಕೆ ಏನ್ ಕೊಡ್ಲಿ?

ಉತ್ತರ: ಮೇಡಂ, ಮೊದ್ಲು ರಾಗಿ ನಿಲ್ಸಿ. ಅವು ನಿಮ್ಮನೆಗೆ ಬರೋ ಹೊತ್ತಿಗೆ ಸುಮಾರು 72ರಿಂದ 80 ವಾರ ಆಗಿರುತ್ತೆ, ಅದ್ರಲ್ಲಿ ಒಂದು ವರ್ಷಕ್ಕೂ ಜಾಸ್ತಿ ಕಾಲ ಪಂಜರದ ತಂತಿ ಮೇಲೆ ನಿಂತು, ಮುಂದಿನ ಟ್ರೇಯಲ್ಲಿ ಬಿದ್ದ ಪುಡಿ ಫೀಡ್ ತಿಂದು, ನಿಪ್ಪಲ್ ಅಂದ್ರೆ ನೀರಿನ ಪೈಪಿನ ತೊಟ್ಟು ಕುಕ್ಕಿ ನೀರು ಕುಡಿದವು, ರಾಗಿ ಅನ್ನೋದು ಊಟ ಅಂತಾನೇ ಅವಕ್ಕೆ ಗೊತ್ತಿಲ್ಲ. ಇನ್ನೊಂದು, ಕೊಕ್ಕು ನೋಡಿ. ಒಬ್ಬರನ್ನೊಬ್ರು ಕುಕ್ಕಬಾರ್ದು ಅಂತ ಮರಿ ಇದ್ದಾಗ್ಲೇ ಮೇಲಿನ ತುದಿ ಕತ್ತರಿಸಿರ್ತಾರೆ. ಆ ಕೊಕ್ಕಲ್ಲಿ ನೆಲದ ಮೇಲಿನ ರಾಗಿ ಎತ್ತೋದು ಅಂದ್ರೆ ನಾವು ಉಗುರೆಲ್ಲ ಕತ್ತರಿಸ್ಕೊಂಡು ಗುಂಡುಸೂಜಿ ಎತ್ತೋಕೆ ಹೋದಂಗೆ.

ಊರಿನ ಫೀಡ್ ಅಂಗಡೀಲಿ ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಯ ಪುಡಿ ಫೀಡ್) ಅಂತ ಕೇಳಿ ತನ್ನಿ, ಬ್ರಾಯ್ಲರ್ ಫೀಡ್ ಬೇಡ, ಅದ್ರಲ್ಲಿ ಸುಣ್ಣದಂಶ ಸಾಲಲ್ಲ. ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಲೆಕ್ಕ. ಮೂರು ನಾಲ್ಕು ಇಂಚು ಆಳದ ಪಾತ್ರೇಲಿ ತುಂಬಿಡಿ, ಕೊಕ್ಕು ಮುಳುಗಿಸಿ ಬಾಚಿ ತಿನ್ಲಿ. ಮೊದಲ ಎರಡು ಮೂರು ದಿನ ಬೆಳಿಗ್ಗೆ ಸ್ವಲ್ಪ ನೀರು ಹಾಕಿ ಉದುರುದುರಾಗಿ ಕಲಸಿ ಕೊಟ್ರೆ ಬೇಗ ತಿಂತವೆ, ಮಧ್ಯಾಹ್ನಕ್ಕೆ ಉಳಿದಿದ್ದನ್ನ ಎಸೀರಿ, ಹುಳಿ ಬರುತ್ತೆ. ನೀರಿಗೆ ಒಂದೊಂದನ್ನೂ ಎತ್ಕೊಂಡು ಕೊಕ್ಕಿನ ತುದಿ ಮಾತ್ರ ಅದ್ದಿ, ಮೂಗಿನ ತೂತು ಮುಳುಗಿಸ್ಬೇಡಿ. ಒಂದು ಕಲಿತ್ರೆ ಸಾಕು, ಉಳಿದವು ನೋಡಿ ಕಲೀತವೆ. ತಿನ್ನೋದರ ಎರಡರಷ್ಟು ನೀರು ಬೇಕು, ಬೇಸಿಗೇಲಿ ಇನ್ನೂ ಜಾಸ್ತಿ. ಒಂದು ಸತ್ತಿದ್ದಕ್ಕೆ ನೀರಿಲ್ದೇ ಇದ್ದದ್ದೇ ಕಾರಣ ಇದ್ರೂ ಇರಬಹುದು.

ಕಪ್ಪೆಚಿಪ್ಪಿನ ಪುಡಿನ ಬೇರೆ ಬಟ್ಟಲಲ್ಲಿ ಇಡಿ, ಬೇಕಾದದ್ದು ತಾನೇ ತಿನ್ನುತ್ತೆ. ಇವು ಮೈಮೂಳೆ ಕರಗಿಸಿ ಮೊಟ್ಟೆ ಚಿಪ್ಪು ಮಾಡಿದ ಜೀವಗಳು, ಮೂಳೆ ಹಪ್ಪಳ ಇದ್ದಂಗೆ. ಕಾಲು ಹಿಡಿದು ತಲೆಕೆಳಗಾಗಿ ಎತ್ತಲೇಬೇಡಿ, ರೆಕ್ಕೆ ಸಮೇತ ಎರಡೂ ಕೈಲಿ ಹಿಡೀರಿ. ಕೂರೋ ಕೋಲು ಒಂದಡಿಗಿಂತ ಎತ್ತರ ಬೇಡ. ಕಾಳು ಎರಡು ಮೂರು ವಾರ ಆದ್ಮೇಲೆ, ಅದೂ ಸಂಜೆ ಒಂದೊಂದು ಹಿಡಿ. ಅಷ್ಟರೊಳಗೆ ದಪ್ಪ ಮರಳು ಇಟ್ಟಿರಿ, ಕಂದನಕಾಯಿಯಲ್ಲಿ, ಅಂದ್ರೆ ಕಾಳು ಅರೆಯೋ ಹೊಟ್ಟೆ ಚೀಲದಲ್ಲಿ, ಕಲ್ಲಿಲ್ದೇ ಇದ್ರೆ ಕಾಳು ಅರೆಯೋದು ಹೆಂಗೆ? ನುಗ್ಗೆ ಸೊಪ್ಪು, ಕೊತ್ತಂಬರಿ ಕಡ್ಡಿ ಕಟ್ಟಿ ನೇತು ಹಾಕಿ. ಉಪ್ಪು ಖಾರದ ಅನ್ನ ಸಾರು, ಬೂಷ್ಟು ಹಿಡಿದ ಕಡ್ಲೆಕಾಯಿ ಹಿಂಡಿ ಖಂಡಿತ ಬೇಡ. ಗೆದ್ದಲು ಸಿಕ್ರೆ ಕೊಡಿ, ನಮ್ಮಜ್ಜಿ ಮಡಕೆ ಬೋರಲು ಹಾಕಿ ಗೆದ್ದಲು ಹಿಡಿಯೋರು, ಗರಿ ಬರೋಕೆ ಪ್ರೋಟೀನ್ ಬೇಕು ಅಂತ ಅಜ್ಜಿಗೆ ಯಾರೂ ಹೇಳಿರ್ಲಿಲ್ಲ.

ಮೊದಲ ವಾರ ಅಂಗಳಕ್ಕೆ ಬಿಡ್ಬೇಡಿ. ತೆಂಗಿನ ನಾರಿನ ಪುಡಿ ದಪ್ಪಕ್ಕೆ ಹಾಸಿದ ಗೂಡಲ್ಲೇ ಇರ್ಲಿ, ಇದೇ ಮನೆ ಅಂತ ಗೊತ್ತಾಗ್ಬೇಕು. ಆಮೇಲೆ ಬಿಟ್ರೂ ಕತ್ತಲಾಗೋ ಮುಂಚೆ ನೀವೇ ಎತ್ತಿ ಒಳಗೆ ಬಿಡಿ. ನಾನು ಮೊದಲ ಸಲ ತಂದಾಗ ಕೋಳಿ ಅಂದ್ಮೇಲೆ ತಾನೇ ಗೂಡಿಗೆ ಹೋಗುತ್ತೆ ಅಂತ ಟಿವಿ ನೋಡ್ತಾ ಕೂತಿದ್ದೆ, ಒಂದು ಹಲಸಿನ ಬುಡದಲ್ಲೇ ಕೂತ್ಬಿಟ್ಟಿತ್ತು, ಬೆಳಿಗ್ಗೆ ಬರೀ ಗರಿ ಸಿಕ್ತು. ಗರಿ ಇಲ್ದಿರೋ ಮೈಗೆ ಬಿಸಿಲು ಸುಡುತ್ತೆ, ನೆರಳಿರ್ಲಿ. ಇಂಗ್ಲೆಂಡಲ್ಲಿ ಇಂಥ ಕೋಳಿಗಳಿಗೆ ಸ್ವೆಟರ್ ಹೆಣೆದು ಹಾಕಿದವರಿದ್ದಾರೆ, ನಿಮ್ಮ ಮಗಳು ನೋಡಿದ್ರೆ ಕೇಳಬಹುದು, ಬೇಡ. ಹೊಸ ಗರಿ ಮೂಡೋಕೆ ತೊಂದ್ರೆ. ಬದಲಿಗೆ ಒಂದು ಮೂಲೇಲಿ ಮರಳು, ಒಲೆ ಬೂದಿ ಹಾಕಿಡಿ, ಒಂದಿನ ಅದ್ರಲ್ಲಿ ಹೊರಳಾಡೋದು ನೋಡ್ತೀರ, ಯಾರೂ ಕಲಿಸ್ಬೇಕಿಲ್ಲ.

ಪ್ರಶ್ನೆ: ನಮ್ಮನೇಲಿ ಎಂಟು ನಾಟಿ ಕೋಳಿ ಇವೆ. ಇಂಥ ನಾಲ್ಕು ಲೇಯರ್ ತಂದು ಒಟ್ಟಿಗೆ ಬಿಟ್ರೆ ಆಗುತ್ತಾ? (ಮದ್ದೂರು)

ಉತ್ತರ: ತಕ್ಷಣ ಬೇಡ. ಫಾರಂನಲ್ಲಿ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಹಾಕಿರ್ತಾರೆ, ಅವು ಚೆನ್ನಾಗೇ ಕಂಡ್ರೂ ರೋಗಾಣು ಹೊತ್ತು ತರಬಹುದು, ಲಸಿಕೆ ಕಾಣದ ನಿಮ್ಮ ನಾಟಿ ಕೋಳಿ ಸಾಯ್ತವೆ. ಮೊದ್ಲು ಪಶು ಆಸ್ಪತ್ರೇಲಿ ಕೇಳಿ ಲಸಿಕೆ ಹಾಕ್ಸಿ, ಹೊಸವನ್ನ ಮೂರ್ನಾಲ್ಕು ವಾರ ದೂರ ಇಡಿ. ಆಮೇಲೆ ಒಂದು ವಾರ ಮಧ್ಯೆ ಜಾಲರಿ. ಸೇರಿಸೋವಾಗ ಊಟ ನೀರು ಎರಡು ಕಡೆ ಇಡಿ, ಜಗಳ ಆಗೇ ಆಗುತ್ತೆ, ರಕ್ತ ಬಂದ್ರೆ ಮಾತ್ರ ಬೇರೆ ಮಾಡಿ, ಕೆಂಪು ಕಂಡ್ರೆ ಎಲ್ಲವೂ ಅಲ್ಲೇ ಕುಕ್ತವೆ.

ಪ್ರಶ್ನೆ: ತಂದು ತಿಂಗಳಾಯ್ತು, ಮೊಟ್ಟೆ ನಿಂತೋಯ್ತು, ಗರಿ ಉದುರ್ತಿದೆ. ರಾತ್ರಿ ಲೈಟ್ ಹಾಕ್ಲಾ? (ಹಾಸನ)

ಉತ್ತರ: ಫಾರಂನಲ್ಲಿ ದಿನಕ್ಕೆ 16 ಗಂಟೆ ಬೆಳಕು ಕೊಟ್ಟು ಇಡಿಸ್ತಾರೆ, ನಿಮ್ಮನೇಲಿ ಸೂರ್ಯ ಕೊಡೋ 12 ಗಂಟೆ ಸಿಕ್ಕಿದೆ, ಅದಕ್ಕೇ ನಿಂತಿದೆ. ಲೈಟ್ ಬೇಡ. ಎರಡು ಮೂರು ತಿಂಗಳಲ್ಲಿ ಹೊಸ ಗರಿ ಬರುತ್ತೆ, ಆಮೇಲೆ ಇಟ್ರೆ ಇಡ್ಲಿ, ಮೊದಲಿನಷ್ಟು ಇಡಲ್ಲ. ಆದ್ರೆ ಗರಿ ಉದುರೋದು ಬೇರೆ, ಹೊಟ್ಟೆ ನೀರು ತುಂಬಿದ ಬಲೂನ್ ಥರ ಊದಿ, ಬಾಲ ಇಳಿಬಿಟ್ಟು, ಊಟ ಬಿಟ್ಟು ಮಂಕಾಗಿ ನಿಂತ್ರೆ ಮೊಟ್ಟೆ ಒಳಗೇ ಒಡೆದಿರಬಹುದು ಇಲ್ಲ ಸಿಕ್ಕಿಕೊಂಡಿರಬಹುದು, ಮನೆ ಮದ್ದು ಮಾಡ್ತಾ ಕೂರದೇ ಅವತ್ತೇ ಡಾಕ್ಟರ್ ಹತ್ರ ಹೋಗಿ.